ಮನೆಗಾಡಿಗೊಂದು ಪತ್ರಾಸ್ ಶೆಡ್ಡು

ಎತ್ತು ತರುವ ಮೊದಲು ಗೋದಲಿ ನೋಡಿಕೊಳ್ಳಬೇಕು. ಇದು ನಮ್ಮ ಮುರಗೋಡದಲ್ಲಿ ಲಂಗ ಉಡುವ ಹುಡುಗಿಗೂ ಗೊತ್ತು, ನಮ್ಮ ಮನೆಯವರಿಗೆ ಮಾತ್ರ ಗೊತ್ತಿರಲಿಲ್ಲ. ಹರೆಯದಿಂದ ಯರಗಟ್ಟಿ, ಸವದತ್ತಿ, ಬೈಲಹೊಂಗಲ ಅಂತ ಕ್ರೂಸರ್ ಓಡಿಸಿ, ಹತ್ತು ಜನರ ಜಾಗದಲ್ಲಿ ಇಪ್ಪತ್ತು ಜನರನ್ನು ಒತ್ತಿ ತುಂಬಿ, ಇನ್ನು ಸಾಕು ಎಂದು ಮನೆಯಲ್ಲಿ ಕುಳಿತ ಸಿದ್ದರಾಮ ಎಂಬ ಈ ಮಹಾನುಭಾವರು ಒಂದು ದಿನ ಹಳೆಯ ಮಿನಿ ಬಸ್ಸೊಂದನ್ನು ತಂದು ಬಾಗಿಲ ಮುಂದೆ ನಿಲ್ಲಿಸಿದರು. ಸೀಟು ಕಿತ್ತು ಹಾಕಿ ಒಳಗೆ ಮಂಚ, ಗ್ಯಾಸಿನ ಒಲೆ, ನೀರಿನ ಟಾಕಿ, ಮೂಲೆಯಲ್ಲಿ ಸಣ್ಣ ಸಂಡಾಸ, ನೆತ್ತಿಯ ಮೇಲೆ ಸೋಲಾರ್ ಪ್ಲೇಟು, ಎಲ್ಲ ಮಾಡಿಸಿದ್ದರು.

"ಏನ್ರಿ ಇದು?" ಅಂದೆ.

"ಮನಿಗಾಡಿ."

"ಇದ್ದ ಮನಿ ಕಸಾ ಹೊಡಿಯೂದ ನನಗ ಸಾಕಾಗೇತಿ. ಇನ್ನೊಂದ ಮನೀನ ಗಾಲಿ ಹಚ್ಚಿ ತಂದೀರಿ?"

"ಅವ್ವಗ ಮಾಡಿಸೇನಿ, ಮಂಜುಳಾ," ಅಂದರು.

ನಮ್ಮ ಅತ್ತೆ ಶಟ್ಟೆವ್ವ ಬಚ್ಚಲಲ್ಲಿ ಜಾರಿ ಟೊಂಕದ ಎಲುಬು ಮುರಿದುಕೊಂಡು ಎರಡು ವರ್ಷವಾಗಿತ್ತು. ರಾಡು ಹಾಕಿದರೂ ಕೂರಲು ಬರುವುದಿಲ್ಲ, ಮಲಗಿಯೇ ಇರಬೇಕು. ಅವರಿಗೆ ಒಡಹುಟ್ಟಿದವರೆಂದು ಉಳಿದವಳು ಒಬ್ಬಳೇ ತಂಗಿ, ತೊರಗಲ್ಲಿನ ನೀಲವ್ವ. ಮೊದಲೆಲ್ಲ ಪ್ರತಿ ಎಳ್ಳ ಅಮಾವಾಸ್ಯೆಗೆ ಅತ್ತೆ ಅಲ್ಲಿಗೆ, ಇಲ್ಲವೆ ತಂಗಿ ಇಲ್ಲಿಗೆ. ಮೊಮ್ಮಕ್ಕಳಿದ್ದ ಆ ಇಬ್ಬರೂ ಒಂದೇ ಕೌದಿಯಲ್ಲಿ ಮಲಗಿ, "ಅತ್ಲಾಗ ಸರಿ, ಎಲ್ಲಾ ಜಾಗಾ ನೀನ ಹಿಡದಿ" ಎಂದು ಬೆಳತನಕ ಜಗಳಾಡುವವರು. ಅತ್ತೆ ಹಾಸಿಗೆ ಹಿಡಿದ ಮೇಲೆ ಭೇಟಿಯಿಲ್ಲ, ಬರೀ ಫೋನು. ಅಷ್ಟರಲ್ಲಿ ನೀಲವ್ವನಿಗೂ ಕರುಳಿನ ಬೇನೆ ಶುರುವಾಯಿತು. ಅವಳು ಬರುವ ಹಾಗಿಲ್ಲ, ಅತ್ತೆ ಬಸ್ಸಿನಲ್ಲಾಗಲಿ ಜೀಪಿನಲ್ಲಾಗಲಿ ಕೂರುವ ಹಾಗಿಲ್ಲ.

"ಸಾಯೂದ್ರಾಗ ಒಮ್ಮೆ ನೀಲಾನ ಮಕಾ ನೋಡ್ತೇನಿ, ಆಮ್ಯಾಲ ನನ್ನ ಎಲ್ಲಿಗ್ಯಾರ ಒಯ್ರಿ," ಎಂದು ಅತ್ತೆ ದಿನಾ ಹೇಳುತ್ತಿದ್ದರು. ಗಾಡಿ ಬಂದದ್ದು ಆ ಮಾತಿಗೆ.

ಗಾಡಿಯೇನೋ ಬಂತು, ಅದನ್ನು ಇಡುವುದೆಲ್ಲಿ? ನಮ್ಮ ಬಿಸಿಲು ಎಂಥದ್ದು, ನಿಮಗೆ ಗೊತ್ತಲ್ಲ. ಚೈತ್ರದಲ್ಲಿ ಹೊರಗೆ ಬಿಟ್ಟರೆ ಒಳಗಿನ ಪ್ಲೈವುಡ್ಡು ಸೊಟ್ಟಗಾಗಿ, ರಬ್ಬರು ಸೀಳಿ, ಮೊದಲ ಮಳೆಗೇ ಮಂಚದ ಮೇಲೆ ಹನಿ ಬೀಳುತ್ತದೆ. ಬೇವಿನ ಗಿಡದ ಬುಡಕ್ಕೆ ನಿಲ್ಲಿಸೋಣ ಎಂದರು. ಕಾಗೆಗಳು ಸೋಲಾರ್ ಪ್ಲೇಟಿನ ಮೇಲೆ ಸಂಸಾರ ಹೂಡಿದವು, ಒಂದು ಒಣ ಟೊಂಗೆ ಬಿದ್ದು ಮುಂದಿನ ಕನ್ನಡಿ ಹೋಯಿತು. ಕಿತ್ತೂರಿನಿಂದ ಬಂದ ನನ್ನ ಅಣ್ಣ ಪರಸಪ್ಪ, "ತಾಡಪತ್ರಿ ಹೊದಸ್ರಿ, ಬಣವಿಗಿ ಹೊದಸಂಗಿಲ್ಲೇನ?" ಎಂದ. ಹೊದಿಸಿದೆವು. ಹದಿನೈದು ದಿನ ಬಿಟ್ಟು ತೆಗೆದರೆ ಒಳಗೆ ಬೆವತು ಹಾಸಿಗೆಗೆ ಬೂಷ್ಟು ಹಿಡಿದಿತ್ತು, ಇಲಿಗಳು ವೈರು ಕಡಿದಿದ್ದವು. ಸ್ಲ್ಯಾಬ್ ಹಾಕಿಸೋಣವೆಂದರೆ ಇವರು, ಗಾಡಿಗಿಂತ ಅದರ ಮನೆಯೇ ದೊಡ್ಡದಾಗುತ್ತದೆ ಎಂದರು. ಉಳಿದದ್ದು ಪತ್ರಾಸ್ ಶೆಡ್ಡು. ನಾಲ್ಕೂ ಕಡೆ ಕಬ್ಬಿಣದ ಕಂಬ, ಮೇಲೆ ತಗಡು.

ಅಲ್ಲಿಂದ ನಮ್ಮಿಬ್ಬರ ಕುಸ್ತಿ ಶುರುವಾಯಿತು. ನಾನು ಎತ್ತರ ಇರಲಿ ಎಂದೆ, ಅವರು ತಗ್ಗು ಇರಲಿ ಎಂದರು.

"ಹ್ವಾದ ವರ್ಷ ಅಡ್ಡಮಳಿ ಗಾಳಿಗೆ ಎಷ್ಟ ಪತ್ರಾಸ ಹಾರ್ಯಾವು ನೋಡೀಯಿಲ್ಲ? ಗಾಳಿಗಿ ತಲಿ ಎತ್ತಿದ್ದ ಉಳಿಯಂಗಿಲ್ಲ. ತಲಿ ಬಗ್ಗಿಸಿದ್ದ ಉಳಿತೈತಿ."

"ಅದಕ್ಕ ನೋಡ್ರಿ, ನಿಮ್ಮ ಮುಂದ ತಲಿ ಬಗ್ಗಿಸಿ ಬಗ್ಗಿಸಿ ನಾ ಇಷ್ಟ ದಿನಾ ಉಳದೇನಿ."

ನಡುವೆ ಪಕ್ಕದ ಮನೆಯ ಗುರವ್ವ ಬಾಯಿ ಹಾಕಿದಳು. ಗುರವ್ವನ ಬಾಯಿ ಎಂದರೆ ಮೈಕು ಬೇಡ, ಇಲ್ಲಿ ಕೆಮ್ಮಿದರೆ ಮಠದ ಅಗಸಿಗೆ ಕೇಳುತ್ತದೆ. ಪತ್ರಾಸಿನ ಇಳುಕಲು ಅವಳ ಮನೆಯ ಕಡೆ ಮಾಡಿದರೆ ನೀರೆಲ್ಲ ಅವಳ ಮಣ್ಣಿನ ಗೋಡೆಗೆ ಬೀಳುತ್ತದಂತೆ. ಓಣಿಯ ನಡುವೆ ನಿಂತು ನನ್ನ ತವರಿನವರನ್ನೆಲ್ಲ ಹೆಸರು ಹಿಡಿದು ಕರೆದಳು. ನಾನೇನು ಕಡಿಮೆಯೇ? "ಬೀಳ್ತೈತಿ, ಬೀಳವಲ್ದ್ಯಾಕ! ಬೇಕಂತನ ಬಿಡ್ತೇನಿ!" ಎಂದೆ. ಅವತ್ತಿನಿಂದ ಎರಡು ಮನೆಗೂ ಮಾತಿಲ್ಲ, ಕೆಂಡ ಕೊಡುವುದಿಲ್ಲ, ಹೆಪ್ಪು ಕೊಡುವುದಿಲ್ಲ. ಕಡೆಗೆ ಇವರು ಇಳುಕಲನ್ನು ಗಾಡಿ ಹೊರಬರುವ ಮುಂದಿನ ದಿಕ್ಕಿಗೇ ತಿರುಗಿಸಿದರು. ಹಿಂದೆ ಮನೆಯ ಗೋಡೆಗೆ ಹತ್ತಿ ಎತ್ತರ, ಮುಂದೆ ತಗ್ಗು. ಶೆಡ್ಡಿನ ಬಾಯಿಗೆ ಅಡ್ಡ ಹಾಕಿದ ತೊಲೆ ಎಲ್ಲಕ್ಕಿಂತ ತಗ್ಗು.

ಆ ತೊಲೆಯ ಅಳತೆ ತೆಗೆದದ್ದು ಹೇಗೆ ಕೇಳಿ. ಬಳಗದವರನ್ನೆಲ್ಲ ತುಂಬಿಕೊಂಡು ಗಾಡಿಯನ್ನು ಸವದತ್ತಿ ಗುಡ್ಡಕ್ಕೆ ಒಯ್ದು ಪೂಜೆ ಮಾಡಿಸಿಕೊಂಡು ಬಂದಿದ್ದೆವು. ಗುಡ್ಡದಿಂದ ಬಂದ ಗಾಡಿ ಬಾಗಿಲಿಗೆ ನಿಂತಾಗ ಆರತಿ ಆಗಿ, ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಡುವವರೆಗೆ ಒಳಗಿನವರು ಇಳಿಯಬಾರದು, ಅದು ನಮ್ಮ ಮನೆತನದ ಪದ್ಧತಿ. ಕಂಬ ನೆಡಲು ಅಯ್ಯನವರು ಕೊಟ್ಟ ಮುಹೂರ್ತ ಮೀರುತ್ತಿತ್ತು. ಕಂಬ ಕತ್ತರಿಸಲು ವೆಲ್ಡಿಂಗಿನ ವಾಸೀಮ್ ಅಳತೆಗೆ ಕಾಯುತ್ತಿದ್ದ. ನಾನು ಆರತಿ ತಟ್ಟೆ ಹಿಡಿದಿದ್ದೆ, ಒಳಗೆ ಬೀಗರು ನೆಂಟರೆಲ್ಲ ಬೆವರು ಸುರಿಸುತ್ತ ಕುಳಿತಿದ್ದರು, ಟಾಕಿಯ ತುಂಬ ನೀರು. ಇವರು ನಿಚ್ಚಣಿಕೆ ಹತ್ತಿ ಗಾಡಿಯ ನೆತ್ತಿಯ ಸೋಲಾರ್ ಚೌಕಟ್ಟಿನಿಂದ ನೆಲಕ್ಕೆ ಹಗ್ಗ ಬಿಟ್ಟು ಗಂಟು ಹಾಕಿದರು. "ಇದರ ಮ್ಯಾಲ ನಾಕ ಬೆರಳ ಜಾಗಾ ಬಿಡು, ಸಾಕು," ಎಂದು ವಾಸೀಮನಿಗೆ ಕೊಟ್ಟರು.

ಶೆಡ್ಡು ಮುಗಿದ ದಿನ ಗಾಡಿ ಹಿಮ್ಮುಖವಾಗಿ ಒಳಗೆ ಹೋಗುವಾಗಲೂ ಅದೇ ಸಡಗರ. ಓಣಿಯ ಹೆಂಗಸರು, ಮಕ್ಕಳು ಎಲ್ಲ ಹತ್ತಿ ಕುಳಿತು, ಉಧೋ ಉಧೋ ಎಂದು ಒಳಗೆ ಹೊಕ್ಕರು. ಗುರವ್ವನ ಮನೆಯಿಂದ ಮಾತ್ರ ಯಾರೂ ಬರಲಿಲ್ಲ. ಆಮೇಲೆ ಎಲ್ಲರೂ ಇಳಿದು ಹೋದರು, ನೀರು ನಾರುತ್ತದೆ ಎಂದು ಇವರು ಟಾಕಿ ಖಾಲಿ ಮಾಡಿದರು. ಯುಗಾದಿ ಮುಗಿದ ಮೇಲೆ ಒಳ್ಳೆಯ ದಿನ ನೋಡಿ ತೊರಗಲ್ಲಿಗೆ ಹೊರಡುವುದೆಂದು ಗಾಡಿಯನ್ನು ಹಾಗೇ ಬಿಟ್ಟೆವು.

ಒಳ್ಳೆಯ ದಿನ ಬರಲಿಲ್ಲ, ಫೋನು ಬಂತು. ಮಧ್ಯಾಹ್ನದ ಊಟ ಮುಗಿದಿತ್ತು. ನೀಲವ್ವನ ಮಗ ಮಹಾದೇವ ಮಾತಾಡಲಾರದೆ ಮಾತಾಡಿದ.

"ಮಂಜುಳಕ್ಕಾ, ಡಾಕ್ಟರು ಮನಿಗಿ ಒಯ್ರಿ ಅಂದ್ರು. ಒಯ್ದೇವಿ. ನೀರ ಸೈತ ಇಳಿವಲ್ದು. ಕಣ್ಣ ತಗದ್ರ ಒಂದ ಮಾತ, ಅಕ್ಕ ಬಂದ್ಲೇನ ಅಂತ. ನಾಳಿ ತನಕಾ ಅನಸವಲ್ದು."

ನಾನು ಮೆಲ್ಲಗೆ ಮಾತಾಡಿದರೂ ಮಂಚದ ಮೇಲಿನ ಅತ್ತೆಗೆ ತಿಳಿಯಿತು. "ನನ್ನ ಇಲಕಲ್ ಸೀರಿ ಉಡಸ," ಎಂದರು, ಅಷ್ಟೇ.

ಸೀರೆ ಉಡಿಸಿದೆ. ಇವರು ತಾಯಿಯನ್ನು ಕೂಸಿನಂತೆ ಎತ್ತಿಕೊಂಡು ಹೋಗಿ ಗಾಡಿಯ ಮಂಚದ ಮೇಲೆ ಮಲಗಿಸಿ, ಉರುಳದಂತೆ ಪಟ್ಟಿ ಕಟ್ಟಿದರು. ಪಡುವಣದಲ್ಲಿ ಮೋಡ ಕಪ್ಪಿಟ್ಟು ಗಾಳಿ ಸತ್ತಿತ್ತು, ಎಲೆಯೂ ಅಲುಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ನಮ್ಮ ಕಡೆ ಯಾರೂ ಊರು ಬಿಡುವುದಿಲ್ಲ. ಆದರೆ ಸಾವು ಮೋಡ ನೋಡಿ ಬರುತ್ತದೆಯೇ? "ಮಳಿಗಿಂತ ಮೊದಲ ಯರಗಟ್ಟಿ ದಾಟೂನು," ಎಂದು ಇವರು ಗಾಡಿ ಚಾಲೂ ಮಾಡಿದರು. ನಾನು ಶೆಡ್ಡಿನ ಮುಂದೆ ನಿಂತು, ಬರಲಿ ಎಂದು ಕೈ ಬೀಸಿದೆ.

ಗಾಡಿ ಮುಂದೆ ಬಂತು. ತಲೆಯ ಮೇಲೆ ಕರ್ರ್ ಎಂದಿತು. ಇಡೀ ಶೆಡ್ಡು ನಡುಗಿತು.

"ನಿಂದರಸ್ರಿ! ನಿಂದರಸ್ರೀ!"

ಸೋಲಾರ್ ಪ್ಲೇಟಿನ ಕಬ್ಬಿಣದ ಚೌಕಟ್ಟು ತೊಲೆಗೆ ಗುದ್ದಿ ನಿಂತಿತ್ತು. ಹಿಂದೆ ತೆಗೆದು ಮತ್ತೆ ಬಂದರು, ಮತ್ತೆ ಗುದ್ದಿತು. ಒಳಗೆ ಹೋದ ಗಾಡಿ ಹೊರಗೆ ಬರುವುದಿಲ್ಲವೆಂದರೆ ಏನರ್ಥ? ಇವರು ಇಳಿದು ಬಂದು ಬಾಯಿ ತೆರೆದು ನೋಡಿದರು.

"ಒಳಗ ಹೋಗೇತ್ಲಾ," ಎಂದರು.

"ಹೋಗೇತಿ! ಈಗ ಬರವಲ್ದು! ತೊಲಿ ಇಳದೈತೋ, ಗಾಡಿ ಬೆಳದೈತೋ? ಎತ್ತರಸ್ರಿ ಎತ್ತರಸ್ರಿ ಅಂತ ಬಡಕೊಂಡ್ನಿ ನಾ!"

ಆಗ ಗಾಳಿ ಬಿತ್ತು. ಎಲ್ಲಿತ್ತೋ, ಒಮ್ಮೆಗೇ ಧೂಳೆದ್ದು ಕಣ್ಣು ಮುಚ್ಚಿತು. ಕರೆಂಟು ಹೋಯಿತು. ವಾಸೀಮನಿಗೆ ಫೋನು ಹಚ್ಚಿದರೆ ಅವನು ಬೈಲಹೊಂಗಲದಲ್ಲಿ. ಬಂದರೂ ಕರೆಂಟಿಲ್ಲದೆ ಕತ್ತರಿಸುವುದು ಹೇಗೆ? ಚೌಕಟ್ಟು ಬಿಚ್ಚೋಣವೆಂದರೆ ನಟ್ಟಿಲ್ಲ, ಗಾಡಿಗೇ ಬೆಸುಗೆ. ಇವರು ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು ಗಾಳಿ ಬಿಡಲು ಕೈ ಹಾಕಿದರು.

"ಗಾಳಿ ತಗದ್ರ ಹೊರಗ ಬರತೈತಿ," ಎಂದರು.

"ಬಂದ ಮ್ಯಾಲ? ತೊರಗಲ್ ತನಕಾ ಹೊತಗೊಂಡ ಒಯ್ತೀರೇನ? ಈ ಗಾಳ್ಯಾಗ ಯಾ ಪಂಚರ್ ಅಂಗಡಿ ತಗದಿರ್ತೈತ್ರಿ?"

ಕೈ ಹಿಂದಕ್ಕೆ ತೆಗೆದರು. ಸಬ್ಬಲು ಹಿಡಿದು ನೆತ್ತಿಗೆ ಹತ್ತಿ ತೊಲೆಯನ್ನೇ ಎತ್ತಲು ನೋಡಿದರು. ತೊಲೆ ಕೂದಲಿನಷ್ಟೂ ಕದಲಲಿಲ್ಲ. ಸಬ್ಬಲು ಜಾರಿ ತಗಡಿನ ಅಂಚು ಅಂಗೈ ಸೀಳಿತು. ರಕ್ತ ಮೊಳಕೈವರೆಗೆ ಇಳಿಯುತ್ತಿತ್ತು. ನಾನು ಸೆರಗು ಹರಿದು ಕಟ್ಟುತ್ತಿದ್ದಾಗ ಒಳಗಿನಿಂದ ಅತ್ತೆ ಕೂಗಿದರು. ಗಾಳಿಗೆ ಗಾಡಿ ತೊಟ್ಟಿಲಿನಂತೆ ತೂಗುತ್ತಿತ್ತಲ್ಲ, ಹೊರಟಿದ್ದೇವೆ ಎಂದು ತಿಳಿದಿದ್ದರು ಪಾಪ.

"ಸಿದ್ದೂ, ಯರಗಟ್ಟಿ ದಾಟಿದ್ವೇನೋ?"

ಆ ಗಂಡಸಿನ ಮುಖ ನಾನು ಅಂಥದ್ದು ನೋಡಿರಲಿಲ್ಲ. ಗಾಡಿಗೆ ಒರಗಿ ನಿಂತು, ಗಾಯದ ಕೈಯಿಂದಲೇ ಕಣ್ಣು ಒರೆಸಿಕೊಂಡರು. ನನ್ನ ಸಿಟ್ಟೆಲ್ಲ ನೀರಾಯಿತು.

"ಇಲ್ಲೆ ಅದೇವಿ ಅತ್ತೀ, ಇನ್ನೂ ಹೊಂಟಿಲ್ಲ," ಎಂದೆ.

ಮೇಲೆ ತಗಡು ಬಡಿದುಕೊಳ್ಳತೊಡಗಿತು. ಹಾರಿ ಬಂದರೆ ಗಾಡಿಯ ಕಿಟಕಿಗಳು ಉಳಿಯುವುದಿಲ್ಲ, ಮೊದಲು ಅತ್ತೆಯನ್ನು ಮನೆಯೊಳಗೆ ಒಯ್ಯಬೇಕು. ಇವರ ಕೈ ಹೋಗಿದೆ, ನನ್ನೊಬ್ಬಳಿಂದ ಆಗುವುದಿಲ್ಲ. ಕೌದಿಯ ನಾಲ್ಕು ಮೂಲೆ ಹಿಡಿಯಲು ನಾಲ್ಕು ಜನ ಬೇಕು. ಹತ್ತಿರದಲ್ಲಿ ಗಟ್ಟಿ ಗಂಡುಮಕ್ಕಳಿದ್ದ ಮನೆ ಒಂದೇ. ನಾನು ಗೋಡೆಯ ಹತ್ತಿರ ಹೋಗಿ ನಿಂತೆ. ನಾಲಿಗೆ ಏಳಲಿಲ್ಲ, ಎಳೆದು ಎಬ್ಬಿಸಿದೆ.

"ಗುರವ್ವಕ್ಕಾ! ಏ ಗುರವ್ವಕ್ಕಾ!"

"ಯಾರದು?"

"ನಾ, ಮಂಜುಳಾ."

"ಯಾ ಮಂಜುಳಾ?" ಗೊತ್ತಿದ್ದೂ ಕೇಳಿದಳು, ನೋಡಿ.

"ನಿನ್ನ ಗ್ವಾಡಿಗಿ ನೀರ ಬಿಡ್ತೇನಿ ಅಂದಾಕಿ! ಆಮ್ಯಾಲ ಬೇಕಾದಷ್ಟ ಬೈಯಕ್ಕ, ನಾ ನಿಂತ ಬೈಸಿಕೊಂತೇನಿ. ಅತ್ತಿ ಗಾಡ್ಯಾಗ ಸಿಕ್ಕಾಳ, ನಿನ್ನ ಮಕ್ಕಳನ್ನ ಲಗೂ ಕಳಸ!"

ಗೋಡೆಯ ಆಚೆ ಬಾಗಿಲು ದಡ್ಡನೆ ತೆರೆಯಿತು. ಮುಂದೆ ಗುರವ್ವ, ಹಿಂದೆ ಅವಳ ಮಕ್ಕಳು ನಿಂಗರಾಜ ಮತ್ತು ಸಂಜು, ಅವರ ಹಿಂದೆ ಸೊಸೆ ಅನ್ನಪೂರ್ಣಾ. ಏನು, ಎತ್ತ ಎಂದು ಕೇಳದೆ ನಾಲ್ವರೂ ದಬದಬ ಗಾಡಿ ಹತ್ತಿದರು. ನಾನು ಬಾಗಿಲು ಹಿಡಿದು ಹೊರಗೆ ನಿಂತಿದ್ದೆ. ಆಗ ಮಿಂಚಿತು.

ಚೌಕಟ್ಟಿಗೂ ತೊಲೆಗೂ ನಡುವೆ ಬೆಳಕು ಕಂಡಿತು. ದಾರದೆಳೆಯಷ್ಟು. ಮೊದಲು ಅಲ್ಲಿ ಏನೂ ಕಾಣುತ್ತಿರಲಿಲ್ಲ.

"ಇಳೀಬ್ಯಾಡ್ರಿ!" ಎಂದು ಚೀರಿದೆ. "ಯಾರೂ ಇಳೀಬ್ಯಾಡ್ರಿ! ರೀ, ಇಲ್ಲಿ ನೋಡ್ರಿ! ಅಳತಿ ತಗದ ದಿನಾ ಒಳಗ ಎಷ್ಟ ಮಂದಿ ಇದ್ರು?"

ಇವರು ತೊಲೆ ನೋಡಿದರು, ಗಾಲಿಯ ಮೇಲೆ ಸ್ಪ್ರಿಂಗಿನಂತೆ ಬಾಗುವ ಪಾಟಾ ಪಟ್ಟಿ ನೋಡಿದರು, ಹಣೆ ಬಡಿದುಕೊಂಡರು. ಮಂದಿ ಹತ್ತಿದರೆ ಗಾಡಿ ಕೂರುತ್ತದೆ, ಇಳಿದರೆ ಏಳುತ್ತದೆ. ಹರೆಯದಿಂದ ಗಾಡಿ ಓಡಿಸಿದವರಿಗೆ ಇದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೇಗೆ ಹೊಳೆಯಬೇಕು? ಇವರ ಕ್ರೂಸರ್ ಒಂದು ದಿನವಾದರೂ ಖಾಲಿ ಓಡಿತ್ತೇ? ಮಂದಿ ತುಂಬಿದ ಗಾಡಿಯನ್ನೇ ಇವರು ಗಾಡಿ ಎಂದು ತಿಳಿದದ್ದು.

"ಇನ್ನ ಮಂದಿ ಬೇಕ ಅಕ್ಕಾ," ಎಂದೆ. "ಭಾಳ ಮಂದಿ ಬೇಕ. ಈ ಗಾಳ್ಯಾಗ ನನ್ನ ದನಿ ಯಾರಿಗಿ ಕೇಳ್ತೈತಿ?"

ಗುರವ್ವ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು. "ಎಪ್ಪಾ, ಎವ್ವಾ, ಬರ್ರೋ! ಶಟ್ಟೆವ್ವನ ಗಾಡಿಗಿ ಬರ್ರೋ!" ಆ ಬಾಯಿಯನ್ನು ನಾನು ಎಷ್ಟು ಸಲ ಶಪಿಸಿದ್ದೆನೋ. ಅವತ್ತು ಗಾಳಿಯೇ ಅವಳಿಗೆ ದಾರಿ ಬಿಟ್ಟಿತು. ಮೊದಲು ಹಿಟ್ಟಿನ ಗಿರಣಿಯ ಅಕ್ಬರಸಾಬರು ಬಂದರು, ಅವರ ಹಿಂದೆ ಹಮೀದಾಬಿ ತಲೆಯ ಮೇಲೆ ಬುಟ್ಟಿ ಬೋರಲು ಹಾಕಿಕೊಂಡು ಬಂದಳು. ಆಮೇಲೆ ಯಾರು ಯಾರೋ. ಆಣೆಕಲ್ಲು ಬೀಳಲು ಶುರುವಾಗಿ, ಎಲ್ಲರೂ ಕೈಗಳಿಂದ ತಲೆ ಮುಚ್ಚಿಕೊಂಡು ಓಡಿ ಬಂದು ಒಳಗೆ ನುಗ್ಗಿದರು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ, ಹತ್ತಿದ ಮೇಲೆ ಕೇಳಿದರು.

"ಇನ್ನ ಒತ್ತಿ ನಿಂದರ್ರಿ! ಹಿಂದ ಸರೀರಿ!" ಇವರಿಗೆ ಹಳೆಯ ಕ್ರೂಸರಿನ ದನಿ ಬಂದುಬಿಟ್ಟಿತು. ಗಾಯದ ಕೈಯನ್ನೇ ಸ್ಟೇರಿಂಗ್ ಮೇಲೆ ಇಟ್ಟರು.

ನಾನು ತೊಲೆಯ ಕೆಳಗೆ ಕಲ್ಲೇಟು ತಿನ್ನುತ್ತ ನಿಂತೆ. ಬೆಳಕಿನ ಎಳೆ ಒಂದು ಬೆರಳಾಯಿತು. "ಬರ್ಲಿ. ಸಾವಕಾಶ. ಹಗೂರಕ ಬರ್ಲಿ." ಚೌಕಟ್ಟಿನ ಮುಂದಿನ ಅಂಚು ತೊಲೆಯ ಕೆಳಗೆ ಬಂತು, ಹೊಕ್ಕಿತು. ನಡುವೆ ಒಂದು ಗಾಲಿ ಕಲ್ಲು ಹತ್ತಿ ಗಾಡಿ ಎದ್ದಿತು, ಕಿರ್ರ್ ಎಂದಿತು. "ನಿಂದರಸಬ್ಯಾಡ್ರಿ, ಬರ್ಲಿ, ಬರ್ಲಿ!" ಬಣ್ಣ ಕೆರೆದುಕೊಂಡು, ತೊಲೆಯನ್ನು ನೆಕ್ಕಿಕೊಂಡು, ಗಾಡಿ ಅಂಗಳಕ್ಕೆ ಬಂತು.

ಒಳಗೆಲ್ಲ ಹೋ ಎಂದರು. ಅವತ್ತು ಊರಲ್ಲಿ ಎಷ್ಟೋ ಪತ್ರಾಸು ಹಾರಿದವು, ನಮ್ಮದು ಹಾರಲಿಲ್ಲ. ಈ ಮಾತನ್ನು ಇವರು ಇವತ್ತಿಗೂ ಬಂದವರ ಮುಂದೆಲ್ಲ ಹೇಳುತ್ತಾರೆ, ಉಳಿದದ್ದನ್ನು ನಾನು ಹೇಳುತ್ತೇನೆ.

ಮಂದಿ ಇಳಿದು ಮನೆಗಳಿಗೆ ಓಡಿದರು. ಗುರವ್ವ ಮಾತ್ರ ಅತ್ತೆಯ ಕಾಲ ಬಳಿ ಗಟ್ಟಿಯಾಗಿ ಕುಳಿತಳು.

"ಇಳಿಯಕ್ಕ, ಇನ್ನ ಹೊರಡ್ತೇವಿ."

"ಅಲ್ಲಿ ಈಕಿನ್ನ ಇಳಸಾಕ ನಿನ್ನ ತವರಮನ್ಯಾವ್ರ ಬರ್ತಾರೇನ? ನಿಂಗ್ಯಾ, ಸಂಜ್ಯಾ, ಗಪ್ ಕುಂದರ್ರಿ."

ದಾರಿಯುದ್ದಕ್ಕೂ ಮುರಿದ ಟೊಂಗೆಗಳು, ನೀರು. ಯರಗಟ್ಟಿ ದಾಟಿದಾಗ ಅತ್ತೆಯ ಕೈ ಒತ್ತಿ ಹೇಳಿದೆ. ಕಣ್ಣು ತೆರೆಯದೆ ತಲೆ ಆಡಿಸಿದರು. ರಾಮದುರ್ಗದ ಹತ್ತಿರ ಮಹಾದೇವನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಗುರವ್ವ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಅವಳದನ್ನು ನೋಡಲಿಲ್ಲ.

ತೊರಗಲ್ ಕೋಟೆ ಕಂಡಾಗ ಮಳೆ ನಿಂತು ಇಳಿಬಿಸಿಲು ಬಿದ್ದಿತ್ತು. ನೀಲವ್ವನ ಮನೆಯ ಮುಂದೆ ಮಂದಿ ಕಟ್ಟೆಯ ಮೇಲೆ ಕುಳಿತಿದ್ದರು. ಸಾವಾದ ಮನೆಯ ಮುಂದೆ ಮಂದಿ ಹಾಗೆ ಕೂರುತ್ತಾರೆ. ಮಹಾದೇವ ಓಡಿ ಬಂದ. "ಅದಾಳ," ಎಂದ. "ಇನ್ನೂ ಅದಾಳ."

ಆದರೆ ಆ ಮನೆಯ ಬಾಗಿಲು ಹಳೆಯ ಕಾಲದ್ದು, ತಲೆ ಬಗ್ಗಿಸಿ, ಮೈ ಓರೆ ಮಾಡಿ ಹೊಗಬೇಕು. ನೆಟ್ಟಗೆ ಮಲಗಿದ ಅತ್ತೆ ಅಲ್ಲಿ ತಿರುಗುವ ಹಾಗಿರಲಿಲ್ಲ. ನಿಂಗರಾಜ ಎರಡು ಕಡೆಯೂ ನೋಡಿ, "ಆಕಿನ್ನ ಇಲ್ಲಿಗಿ ತರೂನು," ಎಂದ. ನಿಂಗರಾಜ, ಸಂಜು, ಮಹಾದೇವ, ನಮ್ಮ ಮನೆಯವರು ಕೌದಿಯ ನಾಲ್ಕು ಮೂಲೆ ಹಿಡಿದು ನೀಲವ್ವನನ್ನು ಹೊರಗೆ ತಂದು ಗಾಡಿ ಹತ್ತಿಸಿದರು. ಗಾಡಿ ಕುಗ್ಗಿತು. ಅಕ್ಕನ ಮಗ್ಗುಲಲ್ಲಿ ಮಲಗಿಸಿದರು. ಆಮೇಲೆ ಒಬ್ಬೊಬ್ಬರೇ ಇಳಿದರು. ಒಬ್ಬರು ಇಳಿದಾಗ ಗಾಡಿ ಇಷ್ಟು ಎದ್ದಿತು, ಇನ್ನೊಬ್ಬರು ಇಳಿದಾಗ ಇನ್ನಿಷ್ಟು. ಅವತ್ತು ನನ್ನ ಕಣ್ಣಿಗೆ ಅದೊಂದೇ ಚಟವಾಗಿತ್ತು, ಪಾಟಾ ಪಟ್ಟಿಯನ್ನೇ ನೋಡುತ್ತಿದ್ದೆ. ಕೊನೆಯವನೂ ಇಳಿದ ಮೇಲೆ ಗಾಡಿ ಮೊದಲಿನಷ್ಟೇ ಎತ್ತರಕ್ಕೆ ಬಂದು ನಿಂತಿತು. ನೀಲವ್ವ ಒಳಗೆ ಇದ್ದದ್ದು ಅದಕ್ಕೆ ಗೊತ್ತೇ ಆಗಿರಲಿಲ್ಲ.

ಗುರವ್ವನೂ ಅದನ್ನೇ ನೋಡಿದ್ದಳು. ಬಾಯಿಗೆ ಸೆರಗು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದಳು. ಒಳಗಿನಿಂದ ಅತ್ತೆಯ ದನಿ ಕೇಳಿತು, ಸಣ್ಣ ಹುಡುಗಿಯ ಸಿಟ್ಟಿನಲ್ಲಿ.

"ಅತ್ಲಾಗ ಸರಿ ನೀಲಾ. ಎಲ್ಲಾ ಜಾಗಾ ನೀನ ಹಿಡದಿ."